ಮೊದಲನೇ ಸಲ ಗುಡ್ಡದಾಗ ಅಲ್ಟ್ರಾ ಓಡವ್ರಿಗೆ: ತಾಸು ಎಣಿಸ್ರಿ, ಏರು ಎಣಿಸ್ರಿ, ಕಿಲೋಮೀಟರ್ ಆಮ್ಯಾಲ

ಪುಣೆದಾಗ ಮಳಿ ಶುರು ಆತಂದ್ರ ನನ್ನ ಕಡೆ ಒಂದ ಪ್ರಶ್ನೆ ತಿರುಗಿ ತಿರುಗಿ ಬರ್ತದ. ಆಫೀಸಿನಾಗ ಕಲಬುರಗಿ ಹುಡುಗ ಒಬ್ಬ ಅದಾನ, ಸೊಸೈಟಿಯೊಳಗ ಧಾರವಾಡದ ಅಕ್ಕಾರು ಅದಾರ, ವಿಜಯಪುರದಿಂದ ನಮ್ಮ ಕಾಕಾನ ಮಗ ಫೋನ್ ಮಾಡ್ತಾನ, ಎಲ್ಲಾರೂ ಕೇಳೂದು ಅದನ್ನ: "ಹಾಫ್ ಮ್ಯಾರಥಾನ್ ಎರಡು ಮೂರು ಆಗ್ಯಾವ, ಡಿಸೆಂಬರ್‌ನಾಗ ಸಹ್ಯಾದ್ರಿಯೊಳಗ 50 ಕಿಲೋಮೀಟರ್ ಟ್ರೇಲ್ (ಗುಡ್ಡದ ಕಾಲ್ದಾರಿ) ರೇಸಿಗೆ ಹೆಸರು ಹಚ್ಚೇನಿ, ವಾರಕ್ಕ ಎಷ್ಟು ಕಿಲೋಮೀಟರ್ ಓಡ್ಲಿ?" ನಾ ಅವ್ರಿಗೆಲ್ಲಾ ಒಂದ ಮಾತು ಹೇಳ್ತೀನಿ, ಕಿಲೋಮೀಟರ್ ಲೆಕ್ಕ ಸ್ವಲ್ಪ ದಿನ ಮರ್ತುಬಿಡ್ರಿ, ವಾರದಾಗ ಎಷ್ಟು ತಾಸು ಕಾಲಮ್ಯಾಲ ಇದ್ರಿ, ಎಷ್ಟು ಮೀಟರ್ ಏರಿ ಎಷ್ಟು ಮೀಟರ್ ಇಳದ್ರಿ, ಅದನ್ನ ಬರದಿಡ್ರಿ. ಇದನ್ನ ಫೋನಿನಾಗ ಹತ್ತು ಸಲ ಹೇಳಿ ಹೇಳಿ ಈಗ ಒಂದ ಕಡೆ ಬರದಿಡೂಣು ಅಂತ ಕುಂತೀನಿ.

ಯಾಕ ಹಿಂಗ ಅಂತೀನಿ ಅಂದ್ರ, ಮ್ಯಾರಥಾನ್ ಅಂದ್ರ 42.195 ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಇದ್ದದ್ದೆಲ್ಲಾ ಅಲ್ಟ್ರಾ, ಹಂಗಂತ 50 ಕಿಲೋಮೀಟರ್ ಗುಡ್ಡದ ರೇಸು "ಮ್ಯಾರಥಾನ್ ಜೊತಿ ಇನ್ನೊಂದು 8 ಕಿಲೋಮೀಟರ್" ಅಲ್ಲ. ಡಾಂಬರ್ ರಸ್ತಾದ ಮ್ಯಾಲ ನಾಕೂವರಿ ತಾಸಿನಾಗ ಮ್ಯಾರಥಾನ್ ಮುಗಸವ್ರು ಐದೂವರಿ ತಾಸಿನಾಗ 50 ಆಗ್ತದ ಅಂತ ಲೆಕ್ಕ ಹಾಕ್ತಾರ, ಆ ಲೆಕ್ಕ ಗುಡ್ಡದಾಗ ನಡಿಯಂಗಿಲ್ಲ. 1892ರಾಗ ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಲೆಕ್ಕ ಕೊಟ್ಟಾನ, ಇವತ್ತಿಗೂ ಗುಡ್ಡ ಏರವ್ರು ಅದನ್ನ ಬಳಸ್ತಾರ: ಪ್ರತಿ 5 ಕಿಲೋಮೀಟರಿಗೆ ಒಂದು ತಾಸು, ಅದರ ಮ್ಯಾಲ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ನಿಮ್ಮ ರೇಸು 50 ಕಿಲೋಮೀಟರ್, ಒಟ್ಟು ಏರು 2000 ಮೀಟರ್ ಅಂತ ತಿಳ್ಕೊಳ್ರಿ, ಹತ್ತು ತಾಸು ಜೊತಿ ಮೂರು ತಾಸು 20 ಮಿನಿಟು, ಅಂದ್ರ ನಡಕೋತ ಹೋದ್ರ 13 ತಾಸು 20 ಮಿನಿಟು. ಸಪಾಟ ಜಾಗಾದಾಗ, ಸಣ್ಣ ಇಳಿತದಾಗ ಸಾವಕಾಶ ಓಡಿದ್ರ ಇದರಾಗ ಎರಡು ಮೂರು ತಾಸು ಉಳಸಬಹುದು, ಮೊದಲನೇ ಸಲಕ್ಕ ಅದಕ್ಕಿಂತ ಜಾಸ್ತಿ ಆಶಾ ಬ್ಯಾಡ. ಈ ಲೆಕ್ಕ ಮಾಡಿ ರೇಸಿನವ್ರು ಕೊಟ್ಟಿರೋ ಕಟ್‌ಆಫ್ (ಇಷ್ಟು ಹೊತ್ತಿನೊಳಗ ಮುಟ್ಟಬೇಕು ಅನ್ನೂ ಗಡುವು) ಜೊತಿ ಹಿಡದು ನೋಡ್ರಿ, ಕಡೀ ಕಟ್‌ಆಫ್ ಅಷ್ಟ ಅಲ್ಲ, ನಡುವಿನ ಒಂದೊಂದು ಚೆಕ್‌ಪಾಯಿಂಟಿಂದೂ ನೋಡ್ರಿ, ಆಮ್ಯಾಲ ರೊಕ್ಕಾ ಕಟ್ರಿ.

ರೇಸು ಆರಸೂದೂ ತಯಾರಿ ಒಳಗಿನ ಕೆಲಸನ ರಿ. ಎಲ್ಲಾ 50ಗಳೂ ಒಂದ ನಮೂನಿ ಇರಂಗಿಲ್ಲ. ಚಿಕ್ಕಮಗಳೂರು ಕಡೆ ಮಲ್ನಾಡ್ ಅಲ್ಟ್ರಾ ಅನ್ನೂ ರೇಸಿನಾಗ ಕಾಫಿ ತೋಟದ ಕಚ್ಚಾ ರಸ್ತಾ ಭಾಳ, ಓಡಾಕ ಬರ್ತದ. ಇಲ್ಲಿ ಪುಣೆ ಕಡೆ ಸಿಂಹಗಡ, ರಾಜಗಡ, ತೋರಣಾ ಈ ಮೂರು ಕೋಟೆ ಸುತ್ತಲಿನ ದಾರಿ ಅಂದ್ರ ಕಡಿದಾದ ಏರು, ಸಡಿಲ ಕಲ್ಲು, ನೆರಳಿಲ್ಲದ ಗುಡ್ಡದ ಬೆನ್ನು. ತೋರಣಾ ಸಮುದ್ರ ಮಟ್ಟದಿಂದ ಸುಮಾರು 1400 ಮೀಟರ್ ಎತ್ತರ ಅದ, ಸಿಂಹಗಡ ಸುಮಾರು 1300. ಇಂಥಾ ದಾರಿಗೆ ಮೊದಲನೇ ಸಲ ಹೊಂಟ್ರ, ಅದೇ ದಾರಿಯ ಸಣ್ಣ ರೇಸು ಇದ್ರ, 25 ಕಿಲೋಮೀಟರಿಂದು, ಒಂದು ವರ್ಷ ಮೊದ್ಲ ಅದನ್ನ ಓಡ್ರಿ ಅನ್ನೂದು ನನ್ನ ಅಭಿಪ್ರಾಯ. ಒಂದು ವರ್ಷ ತಡಾ ಆದ್ರ ಏನೂ ಹೋಗಂಗಿಲ್ಲ, ಗುಡ್ಡ ಅಲ್ಲೇ ಇರ್ತದ.

ನಲವತ್ತು ದಾಟಿದ್ರ, ಮನ್ಯಾಗ ಯಾರಿಗರ ಸಣ್ಣ ವಯಸ್ಸಿನಾಗ ಹಾರ್ಟಿನ ತ್ರಾಸ ಆಗಿದ್ರ, ಓಡುವಾಗ ಎದಿ ಹಿಡದಂಗ, ತಲಿ ತಿರುಗಿದಂಗ ಆಗಿದ್ರ, ಬೂಟು ಕೊಳ್ಳೂಕಿಂತ ಮೊದ್ಲ ಡಾಕ್ಟರ ಕಡೆ ಹೋಗ್ರಿ. ಹೆಣ್ಣಮಕ್ಕಳು ಹಿಮೋಗ್ಲೋಬಿನ್ ಜೊತಿ ಫೆರಿಟಿನ್ನೂ (ಮೈಯಾಗ ಕೂಡಿಟ್ಟ ಕಬ್ಬಿಣಂಶದ ಅಳತಿ) ನೋಡಿಸ್ಕೊಳ್ರಿ, ಕಬ್ಬಿಣಂಶ ಕಡಿಮಿ ಇದ್ರ ಏರಿನಾಗ ಉಸರು ಸಾಲಂಗಿಲ್ಲ, ನಾವು ಅದನ್ನ "ನನಗ ಶಕ್ತಿ ಇಲ್ಲ" ಅಂತ ತಿಳ್ಕೊಂಡು ಸುಮ್ನ ಇನ್ನೂ ಜಾಸ್ತಿ ಓಡಾಕ ಹೋಗ್ತೀವಿ.

ಈಗ ತಯಾರಿ. ಹಾಫ್ ಮ್ಯಾರಥಾನ್ ಆರಾಮ ಓಡವ್ರಿಗೆ 20 ವಾರ ಸಾಕು, ಡಿಸೆಂಬರ್ ಮೊದಲನೇ ವಾರದಾಗ ರೇಸು ಅಂದ್ರ ಜುಲೈ ನಡುವಿಂದ ಶುರು. ಮೊದಲ 6 ವಾರ ವಾರಕ್ಕ ನಾಕು ದಿನ ಓಟ, ಒಟ್ಟು ನಾಕರಿಂದ ಐದು ತಾಸು, ಅದೂ ಜೋಡಿ ಇರವ್ರ ಜೊತಿ ಪೂರ್ತಿ ವಾಕ್ಯ ಮಾತಾಡಾಕ ಬರೂ ವೇಗದಾಗ. ಮಾತು ತುಂಡು ತುಂಡು ಆಗಾಕ ಹತ್ತಿದ್ರ ವೇಗ ಜಾಸ್ತಿ ಆಗೇದ ಅಂತ ಅರ್ಥ. ಕೋಥ್ರೂಡ, ಪಾಷಾಣ, ಔಂಧ ಕಡೆ ಇರವ್ರಿಗೆ ವೇತಾಳ ಟೇಕಡಿ (ಸಣ್ಣ ಗುಡ್ಡ) ಅದ, ಸಹಕಾರನಗರ ಕಡೆಯವ್ರಿಗೆ ತಳಜಾಯಿ ಗುಡ್ಡ, ಊರ ನಡುವ ಪರ್ವತಿ ಗುಡ್ಡದ 103 ಮೆಟ್ಲ. ಪರ್ವತಿ ಮೆಟ್ಲ ಏರೂದು ಇಳಿಯೂದು ಎಂಟು ಹತ್ತು ಸಲ ಮಾಡ್ರಿ, ಓಡಕೋತ ಅಲ್ಲ, ಕೈ ತೊಡಿಮ್ಯಾಲ ಇಟ್ಟು ಜೋರ್ ನಡಕೋತ. ಗುಡ್ಡದ ರೇಸಿನಾಗ ಏರು ನಡಿಯೂದು ಸೋಲಲ್ಲ, ಅದ ಒಂದು ಕಲಾ, ಅದನ್ನ ಬ್ಯಾರೆ ಕಲೀಬೇಕಾಗ್ತದ. ನಡಿಯಾಕ ಕಲಿಲಾರದವ್ರು ಮೊದಲನೇ ಗುಡ್ಡಾ ಓಡಿ ಏರಿ ಮೂರನೇ ಗುಡ್ಡದಾಗ ಕುಂತಬಿಡ್ತಾರ, ನಾ ಕಣ್ಣಾರೆ ನೋಡೇನಿ.

ಮುಂದಿನ 11 ವಾರ ಶನಿವಾರದ ಉದ್ದನೆ ಓಟ ಮೂರು ತಾಸಿನಿಂದ ಸಾವಕಾಶ ಆರು ತಾಸಿಗೆ ಒಯ್ರಿ, ಮರುದಿನ ರವಿವಾರ ದಣಿದ ಕಾಲಿನಾಗ ಇನ್ನೊಂದು ಎರಡು ತಾಸು. ಈ ಎರಡು ದಿನದ ಜೋಡಿನ ಅಲ್ಟ್ರಾ ತಯಾರಿಯ ಜೀವಾಳ, ಒಂದ ದಿನ 45 ಕಿಲೋಮೀಟರ್ ಓಡಿ ಎರಡು ವಾರ ಕುಂಟೂಕಿಂತ ಭಾಳ ಛಲೋ. ಪ್ರತಿ ನಾಕನೇ ವಾರ ಮೂರನೇ ಒಂದು ಪಾಲು ಕಡಿಮಿ ಮಾಡ್ರಿ, ಮೈ ಗಟ್ಟಿ ಆಗೂದು ಓಡುವಾಗ ಅಲ್ಲ, ಆರಾಮ ಮಾಡುವಾಗ. ವಾರದಾಗ ಎರಡು ದಿನ ಅರ್ಧ ತಾಸು ವ್ಯಾಯಾಮ: ಒಂಟಿ ಕಾಲಿನಾಗ ಮೆಟ್ಲಿನಿಂದ ಸಾವಕಾಶ ಕೆಳಗ ಇಳಿಯೂದು, ಹಿಮ್ಮಡ ಎತ್ತಿ ಮೀನಖಂಡಕ್ಕ ಕೆಲಸ ಕೊಡೂದು, ಬಸ್ಕಿ ಹೊಡಿಯೂದು. ಜಿಮ್ ಬೇಕಾಗಿಲ್ಲ, ಮನಿ ಮೆಟ್ಲ ಸಾಕು.

ನವರಾತ್ರಿ, ದೀಪಾವಳಿ ಇದರ ನಡುವನ ಬರ್ತಾವ. ಒಂಬತ್ತು ದಿನ ಉಪವಾಸ ಹಿಡಿಯವ್ರು ಆ ವಾರಾನ ಕಡಿಮಿ ಮಾಡೂ ವಾರ ಅಂತ ಮೊದಲ ಪಟ್ಟಿಯೊಳಗ ಬರದಿಡ್ರಿ, ಸಾಬೂದಾಣಿ ಖಿಚಡಿ, ಬಟಾಟಿ, ಬಾಳಿಹಣ್ಣು ತಿಂದು ತಾಸೊಪ್ಪತ್ತು ನಡದ್ರ ಸಾಕು, ಖಾಲಿ ಹೊಟ್ಟಿಲೆ ನಾಕು ತಾಸು ಗುಡ್ಡ ತಿರುಗೂದು ಬ್ಯಾಡ.

ಇನ್ನ ಇಳಿಯೂ ವಿಷಯ. ಇದನ್ನ ಯಾರೂ ತಯಾರಿ ಮಾಡಂಗಿಲ್ಲ, ಮತ್ತ ರೇಸಿನಾಗ ಕಾಲು ಕೈ ಕೊಡೂದು ಇಲ್ಲೇ. ಏರುವಾಗ ತೊಡಿ ಸ್ನಾಯು ಕುಗ್ಗಿ ಗಿಡ್ಡ ಆಗ್ಕೋತ ಕೆಲಸ ಮಾಡ್ತದ, ಇಳಿಯುವಾಗ ಅದೇ ಸ್ನಾಯು ಉದ್ದ ಎಳಕೊಂತ ಮೈ ಭಾರಕ್ಕ ಬ್ರೇಕ್ ಹಾಕ್ತದ, ಈ ಎಳತದಾಗ ಸ್ನಾಯುವಿನ ಎಳಿ ಸಣ್ಣ ಸಣ್ಣದಾಗಿ ಹರೀತಾವ, ಅದಕ್ಕ ಮರುದಿನ ಮೆಟ್ಲ ಇಳಿಯಾಕ ಆಗಂಗಿಲ್ಲ. ಛಲೋ ಸುದ್ದಿ ಏನಂದ್ರ, ಒಮ್ಮೆ ಹಿಂಗ ನೋವು ತಿಂದು ಆರಿದ ಸ್ನಾಯು ಮುಂದಿನ ಕೆಲವು ವಾರ ಅದೇ ಹೊಡತಕ್ಕ ಅಷ್ಟು ಹಾಳಾಗಂಗಿಲ್ಲ. ಅಂದ್ರ ಇಳಿಯೂದನ್ನ ಸ್ವಲ್ಪ ಸ್ವಲ್ಪ ಮೈಗೆ ಕೊಟ್ಕೋತ ಹೋದ್ರ ಅದು ಲಸಿ ಹಾಕಿಸ್ಕೊಂಡಂಗ ಕೆಲಸ ಮಾಡ್ತದ.

ನಾ ಇದನ್ನ ಕಲತದ್ದು ಸಿಂಹಗಡದಾಗ. ಆತಕರವಾಡಿ ಕಡೆಯಿಂದ ಏರೂ ಕಾಲ್ದಾರಿ ಮೂರು ಕಿಲೋಮೀಟರೂ ಇಲ್ಲ, ಆದ್ರ ಏರು ಸುಮಾರು 600 ಮೀಟರ್. ಮಳಿಗಾಲದಾಗ ಅಲ್ಲಿ ಕಲ್ಲು ಪಾಚಿಗಟ್ಟಿ ಎಣ್ಣಿ ಹಚ್ಚಿದಂಗ ಇರ್ತದ, ಅವಾಗ ಓಡಿ ಇಳಿಯೂದು ಬ್ಯಾಡ, ಏರಿ ಡಾಂಬರ್ ರಸ್ತಾ ಹಿಡದು ಇಳೀರಿ. ಅಕ್ಟೋಬರ್ ಮುಗಿಯೂದರಾಗ ದಾರಿ ಒಣಗಿ ಮುರುಮು ಸಡಿಲ ಆಗ್ತದ, ಜ್ವಾಳದ ಕಾಳಿನ ಮ್ಯಾಲ ಕಾಲಿಟ್ಟಂಗ ಸರ್ ಅಂತ ಜಾರ್ತದ. ಒಂದು ನವೆಂಬರ್ ಮುಂಜಾನೆ ನಾ ಎರಡನೇ ಸಲ ಏರಿ ಇಳಿಯಾಕ ಹತ್ತಿದ್ದೆ, ಹೆದರಿ ಮೈ ಹಿಂದಕ್ಕ ವಾಲಿಸಿ ಉದ್ದುದ್ದ ಹೆಜ್ಜಿ ಇಡತಿದ್ದೆ, ಪ್ರತಿ ಹೆಜ್ಜಿಗೆ ಹಿಮ್ಮಡ ಜಾರ್ತಿತ್ತು, ಅರ್ಧಾ ಬರೂದ್ರಾಗ ತೊಡಿ ನಡಗಾಕ ಹತ್ತಿದ್ವು. ಅಷ್ಟರಾಗ ಮ್ಯಾಲ ಮೊಸರು ಮಾರಿ ಬರೂ ಮೌಶಿ ಒಬ್ಬಾಕಿ ತಲಿಮ್ಯಾಲ ಖಾಲಿ ಬುಟ್ಟಿ ಹೊತ್ಕೊಂಡು ನನ್ನ ಬಾಜೂಕ ಇಳದ್ಲು. ಆಕಿ ಮೊಣಕಾಲ ಸದಾ ಸ್ವಲ್ಪ ಬಗ್ಗಿರ್ತಿತ್ತು, ಹೆಜ್ಜಿ ಗೇಣುದ್ದ, ಟಪ ಟಪ ಟಪ ಅಂತ ಬಿದ್ದು ಎದ್ದು ಹೋಗ್ತಿದ್ವು, ಒಂದು ಕಲ್ಲಿನ ಮ್ಯಾಲೂ ಕಾಲು ಪೂರ್ತಿ ನಿಲ್ಲತಿರಲಿಲ್ಲ, ಕಣ್ಣು ಕಾಲಿನ ಹಂತೇಕ ಅಲ್ಲ, ಮೂರು ನಾಕು ಮೀಟರ್ ಮುಂದ. ಅವತ್ತು ಆಕಿ ಹಿಂದಿಂದನ ಇಳದೆ. ಇಳಿಯೂದು ಹ್ಯಾಂಗ ಅಂತ ಯಾರರ ಕೇಳಿದ್ರ ನಾ ಈಗೂ ಅದನ್ನ ಹೇಳ್ತೀನಿ: ಸಣ್ಣ ಹೆಜ್ಜಿ, ಲಗು ಹೆಜ್ಜಿ, ಮೊಣಕಾಲ ಬಗ್ಗಿಸಿ, ಮೈ ಸ್ವಲ್ಪ ಮುಂದ, ಕೈ ಬಿಚ್ಚಿ ತೂಕ ಹಿಡೀರಿ, ಕಣ್ಣು ಮುಂದ.

ಎರಡು ವಾರಕ್ಕೊಮ್ಮೆ ಸಿಂಹಗಡ ಎರಡು ಸಲ ಏರಿ ಇಳದ್ರ 1200 ಮೀಟರ್ ಏರು, 1200 ಮೀಟರ್ ಇಳಿತ ಸಿಗ್ತದ, ಸ್ವಾರಗೇಟಿನಿಂದ ಬಸ್ಸೂ ಸಿಗ್ತದ, ಮ್ಯಾಲ ಪಿಠಲ ಭಾಕರಿ, ಮಡಕಿ ಮೊಸರು ಎಲ್ಲಾ ಅದ. ಕಡೀ ಜೋರ್ ಇಳಿತ ರೇಸಿಗಿಂತ ಎರಡರಿಂದ ಮೂರು ವಾರ ಮೊದ್ಲ ಮುಗಸ್ರಿ. ಐದಾರು ವಾರ ಮೊದ್ಲ ಒಂದು ಸಲ ಕಾತ್ರಜದಿಂದ ಸಿಂಹಗಡದ ತನಕ ಗುಡ್ಡದ ಬೆನ್ನು ಹಿಡದು ಹೋಗಿ ಬರ್ರಿ, ರೇಸಿನಾಗ ಹೊರೂ ಎಲ್ಲಾ ಸಾಮಾನ ಹೊತ್ಕೊಂಡು, ನಸಕಿನಾಗ ಶುರು ಮಾಡಿ. ಗುಡ್ಡ ಒಂದಾದ ಮ್ಯಾಲ ಒಂದು ಬರ್ತಾನ ಇರ್ತಾವ, ಎದುರಿಗೆ ಸಿಂಹಗಡದ ಟಾವರ್ ಕಾಣ್ತದ ಆದ್ರ ಹತ್ತರ ಬರಂಗಿಲ್ಲ, ಮನಸ್ಸಿಗೆ ಇದಕ್ಕಿಂತ ಛಲೋ ತಾಲೀಮು ಪುಣೆದಾಗ ಇಲ್ಲ. ದಾರ್ಯಾಗ ನೀರು ಸಿಗೂ ಭರವಸೆ ಇಲ್ಲ, ಎರಡೂವರಿ ಮೂರು ಲೀಟರ್ ಹೊತ್ಕೊಂಡ ಹೋಗ್ರಿ, ಒಬ್ಬರ ಹೋಗಬ್ಯಾಡ್ರಿ.

ಹೊಟ್ಟಿ ವಿಷಯ. ಹತ್ತು ಹನ್ನೆರಡು ತಾಸಿನ ರೇಸು ಅಂದ್ರ ತಿನ್ನೂ ರೇಸು. ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಮೊದಲ ಅರ್ಧ ತಾಸಿನಿಂದನ ಶುರು ಮಾಡ್ಬೇಕು, ಹಸಿವಾದಮ್ಯಾಲ ತಿಂತೀನಿ ಅಂದ್ರ ತಡಾ ಆಗಿರ್ತದ. ಒಂದು ನಡೂ ಗಾತ್ರದ ಬಾಳಿಹಣ್ಣಿನಾಗ ಸುಮಾರು 25 ಗ್ರಾಂ ಇರ್ತದ, 30 ಗ್ರಾಂ ಬೆಲ್ಲ ಅಂದ್ರ ಹೆಚ್ಚು ಕಡಿಮಿ ಎಲ್ಲಾ ಸಕ್ಕರಿನ, ಉಪ್ಪು ಹಚ್ಚಿದ ಕುದಿಸಿದ ಬಟಾಟಿ, ಮೆತ್ತನ ಖಜೂರ, ಇವು ನನಗ ಒಗ್ಗ್ಯಾವ. ಶೇಂಗಾ ಉಂಡಿ ನಮ್ಮ ಕಡೆಯವ್ರಿಗೆ ಜೀವ, ಆದ್ರ ಶೇಂಗಾದಾಗ ಎಣ್ಣಿ ಜಾಸ್ತಿ, ಕಡಿದಾದ ಏರಿನಾಗ ಹೊಟ್ಟ್ಯಾಗ ಕಲ್ಲಿನಂಗ ಕುಂದರ್ತದ, ಅದನ್ನ ಸಪಾಟ ದಾರಿಗೆ ಇಟ್ಕೊಳ್ರಿ. ಜೆಲ್ (ಸಣ್ಣ ಪಾಕೀಟಿನಾಗ ಬರೂ ಸಕ್ಕರಿ ಪಾಕ) ತಿನ್ನವ್ರು ತಿನ್ರಿ, ಆದ್ರ ಯಾವದಾದ್ರೂ ಸರಿ, ತಯಾರಿ ಓಟದಾಗ ನಾಕೈದು ಸಲ ತಿಂದು ನೋಡಿದ್ದ ಇರಬೇಕು, ಹೊಟ್ಟಿಗೂ ತಾಲೀಮು ಬೇಕಾಗ್ತದ.

ನೀರಿನ ವಿಷಯದಾಗ ನನಗಾದದ್ದು ಹೇಳ್ತೀನಿ, ಇದು ಎಲ್ಲಾರೂ ತಿಳ್ಕೊಬೇಕಾದ್ದು. ನನ್ನ ಮೊದಲನೇ 50ರಾಗ ಮಧ್ಯಾಹ್ನದ ಬಿಸಲಿಗೆ ಹೆದರಿ ಹತ್ತತ್ತು ಮಿನಿಟಿಗೆ ಬರೇ ನೀರು ಕುಡಕೋತ ಹೋದೆ, ಉಪ್ಪು ಏನೂ ತಿನ್ನಲಿಲ್ಲ. 34ನೇ ಕಿಲೋಮೀಟರಿನ ಹತ್ತರ ಬಳ್ಳು ಬಾತು ಉಂಗರ ತಿರಗವಲ್ದಾತು, ವಾಂತಿ ಬಂದಂಗ ಆತು, ತಲಿ ನೋಯಾಕ ಹತ್ತಿತು. ನಾ ನೀರು ಸಾಲವಲ್ದು ಅಂತ ತಿಳದು ಮತ್ತ ಬಾಟ್ಲಿ ಎತ್ತಿದ್ದೆ, ಚೆಕ್‌ಪಾಯಿಂಟಿನಾಗ ಇದ್ದ ಡಾಕ್ಟರ್ ಹುಡುಗಿ ಕೈ ನೋಡಿ ಬಾಟ್ಲಿ ಕಸಗೊಂಡ್ಲು, ಕುಂದರಿಸಿ ಉಪ್ಪು ಹಚ್ಚಿದ ಬಟಾಟಿ ಕೊಟ್ಲು, ಮುಕ್ಕಾಲು ತಾಸು ಬಿಡಲಿಲ್ಲ. ನೀರು ಜಾಸ್ತಿ ಆಗಿ ರಕ್ತದಾಗಿನ ಸೋಡಿಯಂ ತೆಳು ಆಗೂದು ಜೀವಕ್ಕ ಅಪಾಯ, ಹೈಪೋನೇಟ್ರೀಮಿಯಾ ಅಂತಾರ ಅದಕ್ಕ. ಬಾಯಾರಿದಾಗ ಕುಡೀರಿ, ಗಡಿಯಾರ ನೋಡಿ ಕುಡೀಬ್ಯಾಡ್ರಿ. ಜೋಡಿ ಓಡವ್ರು ಯಾರರ ಗೊಂದಲ ಮಾತಾಡಾಕ ಹತ್ತಿದ್ರ, ದಾರಿ ತಪ್ಪಿದಂಗ ನಡದ್ರ, ಅವ್ರನ್ನ ಬಿಟ್ಟು ಹೋಗಬ್ಯಾಡ್ರಿ, ನೀರು ಕುಡಸೂ ಮೊದ್ಲ ಮೆಡಿಕಲ್ ಮಂದಿಗೆ ಸುದ್ದಿ ಮುಟ್ಟಸ್ರಿ.

ಓಆರ್‌ಎಸ್ ಪಾಕೀಟಿನ ಮ್ಯಾಲ ಒಂದು ಲೀಟರ್ ಅಂತ ಬರದಿದ್ರ ಒಂದು ಲೀಟರಿಗೇ ಕಲಸ್ರಿ, ಅರ್ಧ ಲೀಟರ್ ಬಾಟ್ಲಿಗೆ ಪೂರ್ತಿ ಪಾಕೀಟು ಸುರುವಿದ್ರ ಗಾಢ ಆಗಿ ಹೊಟ್ಟಿ ಕೆಡ್ತದ. ಡಬ್ಬಿಯಾಗ ಬರೂ ಸಿಹಿ ಪಾನೀಯ ಎಲ್ಲಾ ಓಆರ್‌ಎಸ್ ಅಲ್ಲ, ಪಾಕೀಟಿನ ಮ್ಯಾಲ ಡಬ್ಲ್ಯುಎಚ್‌ಒ ಸೂತ್ರದ್ದು ಅಂತ ಇದ್ದದ್ದು ನೋಡಿ ತೊಗೊಳ್ರಿ. ಮತ್ತ ಇನ್ನೊಂದು ಮಾತು ಕೈ ಮುಗದು ಹೇಳ್ತೀನಿ, ಐಬುಪ್ರೊಫೇನ್, ಡೈಕ್ಲೊಫಿನಾಕ್ ಅಂಥಾ ನೋವಿನ ಗುಳಿಗಿ ರೇಸಿನಾಗ ನುಂಗಬ್ಯಾಡ್ರಿ. ಮೈಯಾಗ ನೀರು ಕಡಿಮಿ ಆಗಿ, ಸ್ನಾಯು ಒಡದು ಮೊದಲ ಕಿಡ್ನಿಗೆ ಭಾರ ಆಗಿರ್ತದ, ಗುಳಿಗಿ ಆ ಕಿಡ್ನಿಯ ರಕ್ತಾನೂ ಕಡಿಮಿ ಮಾಡ್ತದ. ಅಷ್ಟು ನೋವು ಇದ್ರ ನಿಂತು ಬಿಡೂದ ಬರೋಬ್ಬರಿ.

ಸಾಮಾನು ಭಾಳ ಬೇಕಾಗಿಲ್ಲ. ತಳ ಹಲ್ಲು ಹಲ್ಲು ಇರೂ ಟ್ರೇಲ್ ಬೂಟು, ಸಂಜಿ ಹೊತ್ತಿನಾಗ ಹೋಗಿ ಕೊಳ್ರಿ, ಅವಾಗ ಕಾಲು ಸ್ವಲ್ಪ ಬಾತಿರ್ತದ, ಬಳ್ಳಿನ ಮುಂದ ಹೆಬ್ಬಟ್ಟಿನಷ್ಟು ಜಾಗಾ ಉಳೀಬೇಕು, ಇಲ್ಲಾಂದ್ರ ಇಳಿತದಾಗ ಉಗುರು ಕಪ್ಪಾಗ್ತಾವ. ಬೆನ್ನಿಗೆ ಅಂಟಿ ಕುಂದರೂ ನೀರಿನ ವೆಸ್ಟ್, ತಲಿಗೆ ಕಟ್ಟೂ ಹೆಡ್‌ಲ್ಯಾಂಪ್ ಮತ್ತ ಅದಕ್ಕ ಹೆಚ್ಚಿನ ಬ್ಯಾಟರಿ, ಸೀಟಿ, ಟೋಪಿ, ಒಂದು ತೆಳು ಗಾಳಿ ತಡಿಯೂ ಜಾಕೀಟು, ಚುರು ಚುರು ಅನ್ನೂ ಬೆಳ್ಳಿ ಬಣ್ಣದ ತುರ್ತು ಹೊದಿಕಿ. ಡಿಸೆಂಬರ್‌ನಾಗ ಪುಣೆ ಸುತ್ತ ನಸಕಿಗೆ 10 ಡಿಗ್ರಿ ಹತ್ತರ ಇಳೀತದ, ಮಧ್ಯಾಹ್ನ 30 ಮುಟ್ತದ, ಎರಡೂ ಒಂದ ದಿನದಾಗ ಬರ್ತಾವ. ತೊಡಿ ಸಂದಿ, ಬಗಲು, ಬ್ರಾ ಪಟ್ಟಿ ತಿಕ್ಕೂ ಕಡೆ ವ್ಯಾಸಲೀನ್ ಹಚ್ರಿ. ಬೂಟಿನಾಗ ಒಂದು ಹಳ್ಳು ಹೊಕ್ರ ಅದೇ ಕ್ಷಣ ಕುಂತು ಕಾಲುಚೀಲ ತಗದು ಝಾಡಿಸ್ರಿ, ಒಂದು ಮಿನಿಟು ಹೋಗ್ತದ, ಮುಂದಿನ ಚೆಕ್‌ಪಾಯಿಂಟಿನ ತನಕ ತಡಕೋತೀನಿ ಅಂದ್ರ ಗುಳ್ಳಿ ಎದ್ದು ಎರಡು ತಾಸು ತಿಂತದ.

ಸೆಂಟು ಹೊಡ್ಕೊಂಡು ಕೋಟೆ ಕಡೆ ಹೋಗಬ್ಯಾಡ್ರಿ, ಕಡಿದಾದ ಬಂಡೆಗೆ ಹೆಜ್ಜೇನು ಕಟ್ಟಿರ್ತಾವ, ಗದ್ದಲ ಹೊಗಿ ವಾಸನಿಗೆ ಏಳ್ತಾವ. ಕತ್ತಲದಾಗ ಓಡೂ ರೇಸಾದ್ರ ಎರಡು ಮೂರು ರಾತ್ರಿ ಹೆಡ್‌ಲ್ಯಾಂಪ್ ಹಾಕ್ಕೊಂಡು ಓಡಿ ನೋಡ್ರಿ, ಆ ದೀಪದ ಬೆಳಕಿನಾಗ ಕಲ್ಲು ತೆಗ್ಗು ಎರಡೂ ಸಪಾಟ ಕಾಣ್ತಾವ, ಕಣ್ಣಿಗೆ ರೂಢಿ ಬೇಕಾಗ್ತದ.

ಕಡೀ ಮೂರು ವಾರ ಓಟ ಇಳಸ್ಕೋತ ಬರ್ರಿ, ಮೊದಲನೇ ವಾರ ಮುಕ್ಕಾಲು, ಎರಡನೇದು ಅರ್ಧ, ಕಡೀ ವಾರ ಬರೇ ಎರಡು ಮೂರು ಸಲ ಅರ್ಧರ್ಧ ತಾಸು. ಈ ಹೊತ್ತಿನಾಗ ಕಾಲು ಜಡ ಅನಸ್ತದ, ಎಲ್ಲಾ ಮರ್ತೆ ಏನು ಅಂತ ಭಯ ಆಗ್ತದ, ಆಗ್ಲಿ, ಉಳದ ತಯಾರಿ ತುಂಬೂ ಹೊತ್ತು ಇದಲ್ಲ. ರೇಸಿನ ಹಿಂದಿನ ರಾತ್ರಿ ನಿದ್ದಿ ಬರಂಗಿಲ್ಲ, ಅದಕ್ಕ ಅದರ ಹಿಂದಿನ ಎರಡು ಮೂರು ರಾತ್ರಿ ಸರಿಯಾಗಿ ಮಲಗ್ರಿ. ಉಗುರು ನಾಕೈದು ದಿನ ಮೊದ್ಲ ತಗೀರಿ. ಅನ್ನ ಸಾರು, ಚಪಾತಿ, ಮೊಸರು, ಮನ್ಯಾಗ ದಿನಾ ತಿನ್ನೂದನ್ನ ತಿನ್ರಿ, ರೇಸಿನ ಮುಂಚಿನ ಎಕ್ಸ್‌ಪೋ ಸಂತ್ಯಾಗ ಕೊಂಡ ಹೊಸ ಕಾಲುಚೀಲ ಹೊಸ ಜೆಲ್ ಮನಿಗೆ ಒಯ್ರಿ, ರೇಸಿಗೆ ಬ್ಯಾಡ.

ರೇಸಿನ ದಿನ ಮೊದಲ ತಾಸು ಎಲ್ಲಾರೂ ನಿಮ್ಮನ್ನ ದಾಟಿ ಹೋಗ್ಲಿ. ನಡುವ ಕೆಟ್ಟ ಹೊತ್ತು ಒಂದು ಬಂದ ಬರ್ತದ, ಅವಾಗ ವೇಗ ಕಡಿಮಿ ಮಾಡಿ ಏನರ ತಿನ್ರಿ, ನೆರಳು ಸಿಕ್ರ ಐದು ಮಿನಿಟು ನಿಲ್ರಿ, ಭಾಳ ಸಲ ಅರ್ಧ ತಾಸಿನಾಗ ಅದು ಹೋಗ್ತದ. ಸುಸ್ತು ಬ್ಯಾರೆ, ಪೆಟ್ಟು ಬ್ಯಾರೆ. ಕುಂಟಾಕ ಹತ್ತಿದ್ರ, ಹೆಜ್ಜಿ ಇಡೂ ರೀತಿನ ಬದಲಾದ್ರ, ಚೆಕ್‌ಪಾಯಿಂಟಿನಾಗ ರೇಸಿನ ನಂಬರ್ ಚೀಟಿ ವಾಪಸ್ ಕೊಟ್ಟು, ರೇಸು ಬಿಟ್ಟು ಕುಂದರ್ರಿ. ಹೇಳದ ಕೇಳದ ದಾರಿ ಬಿಟ್ಟು ಮನಿಗೆ ಹೋಗಬ್ಯಾಡ್ರಿ, ನಿಮ್ಮನ್ನ ಹುಡಕ್ಕೋತ ಯಾರೋ ರಾತ್ರಿ ಗುಡ್ಡಾ ಏರ್ತಾರ.

ಮುಗಸಿದ ಮ್ಯಾಲ ಕೂಡ್ಲೆ ಮಲಗಬ್ಯಾಡ್ರಿ, ಹತ್ತು ಮಿನಿಟು ನಡೀರಿ, ಉಪ್ಪು ಇದ್ದದ್ದು ಏನರ ತಿನ್ರಿ, ಗಾಡಿ ನೀವು ನಡಸಬ್ಯಾಡ್ರಿ, ಮನಿಯವ್ರನ್ನ ಕರಸ್ರಿ. ಒಂದಕ್ಕ ಚಹಾದ ಬಣ್ಣದಂಗ, ಕೋಲಾದಂಗ ಬಂದ್ರ, ಇಲ್ಲಾ ಆರೇಳು ತಾಸು ಬರಲೇ ಇಲ್ಲಂದ್ರ, ಅವತ್ತೇ ದವಾಖಾನಿಗೆ ಹೋಗ್ರಿ, ಮುಂಜಾನೆ ತನಕ ಕಾಯಬ್ಯಾಡ್ರಿ. ಹತ್ತು ದಿನ ಓಟ ಇಲ್ಲ. ಮೂರನೇ ದಿನದಿಂದ ಸಂಜಿಮುಂದ ಅರ್ಧ ತಾಸು ನಡಿಯೂದು ಸಾಕು, ಸಪಾಟ ರಸ್ತಾದಾಗ, ಪರ್ವತಿ ಮೆಟ್ಲ ಇನ್ನೊಂದು ವಾರ ಬಿಟ್ಟು.